ರಗ್ಗು ಹೊದ್ದ ಕಾಫಿ

ನಮ್ಮ ಮನೆಗೆ ಹೊಸ ವರ್ಷಕ್ಕಿಂತ ಮುಂಚೆ ಅದರ ಕ್ಯಾಲೆಂಡರು ಬರುತ್ತದೆ. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಮೂಡಿಗೆರೆಯ ಗೊಬ್ಬರದ ಅಂಗಡಿಯವರು ಒಂದು, ದಿನಸಿ ಅಂಗಡಿಯವರು ಒಂದು ಸುರುಳಿ ಸುತ್ತಿ ಕೈಗಿಡುತ್ತಾರೆ. ಬೇರೆಯವರು ಅದರಲ್ಲಿ ರಜೆ ಎಷ್ಟು, ಹಬ್ಬ ಯಾವ ವಾರ ಬಂತು ಎಂದು ನೋಡುತ್ತಾರೆ. ನಾನು ನೋಡುವುದು, ಅಕಾಲ ಮಳೆಗೆ, ಜ್ವರಕ್ಕೆ, ಮೋಟಾರು ಸುಡುವುದಕ್ಕೆ ಯಾವ ಯಾವ ತಿಂಗಳು ಅನುಕೂಲವಾಗಿದೆ ಎಂದು. ವಯಸ್ಸು ಐವತ್ತೆರಡಾಯಿತು, ಒಂದು ವರ್ಷವನ್ನೂ ನಾನು ಧೈರ್ಯವಾಗಿ ಒಳಗೆ ಕರೆದವನಲ್ಲ.

ನನ್ನ ಚಿಕ್ಕಂದಿನಲ್ಲಿ ಜನವರಿ ಒಂದು ಎಂದರೆ ಶಾಲೆಯಲ್ಲಿ ಇಸವಿ ತಪ್ಪು ಬರೆಯುವ ದಿನ, ಅಷ್ಟೆ. ವರ್ಷ ಶುರುವಾಗುತ್ತಿದ್ದುದು ಯುಗಾದಿಗೆ. ಡಿಸೆಂಬರ್ ಕೊನೆಯಲ್ಲಿ ಅರೇಬಿಕಾ ಕಾಫಿಯ ಕೊಯ್ಲು. ಕಣದ ತುಂಬ ಕಾಫಿ ಹರಡಿರುವಾಗ ಹಬ್ಬ ಮಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಪುರುಸೊತ್ತು ಈಗಲೂ ಇಲ್ಲ, ಹಬ್ಬ ಮಾತ್ರ ಬಂದುಬಿಟ್ಟಿದೆ. ನಮ್ಮ ಮನೆ ದೇವರಮನೆ ಗುಡ್ಡಕ್ಕೆ ಹೋಗುವ ದಾರಿಯ ಪಕ್ಕದಲ್ಲಿರುವುದರಿಂದ ಮೂವತ್ತೊಂದರ ಮಧ್ಯಾಹ್ನದಿಂದಲೇ ಜೀಪು, ಕಾರು, ಬೈಕುಗಳ ಸಾಲು. ನಮ್ಮಲ್ಲಿಗೂ ಮೊಟ್ಟೆ ಹಾಕದ ಒಂದು ಕೇಕು ಬರುತ್ತದೆ. ಅದನ್ನು ಹೊತ್ತು ಮುಳುಗುವ ಮೊದಲೇ ಕೊಯ್ದು, ಒಂಬತ್ತೂವರೆಗೆ ಮಲಗುತ್ತೇವೆ. ಹೊಸ ವರ್ಷ ಅದರ ಪಾಡಿಗೆ ಅದು ಬರುತ್ತದೆ.

ಕೇಕು ಕೊಯ್ಯುವಾಗ ಒಬ್ಬೊಬ್ಬರೂ ಒಂದೊಂದು ಸಂಕಲ್ಪ ಹೇಳಬೇಕು ಎನ್ನುವುದು ನನ್ನ ಹೆಂಡತಿ ತಂದ ಪದ್ಧತಿ. ಅವಳದು ಪ್ರತಿ ವರ್ಷ ಬದಲಾಗುತ್ತದೆ. ನನ್ನದು ಒಂದೇ: ಇನ್ನು ಮೇಲೆ ಇಲ್ಲದ್ದಕ್ಕೆಲ್ಲ ಚಿಂತೆ ಮಾಡುವುದಿಲ್ಲ. ಹೇಳಿ ಮುಗಿಸಿದ ಕೂಡಲೇ, ಇದನ್ನು ಪಾಲಿಸಲು ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಚಿಂತೆ ಹಿಡಿಯುತ್ತದೆ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅವಳು ಮೊದಲ ಬಾರಿಗೆ ತನ್ನದು ಅಂತ ಒಂದಿಷ್ಟು ಕಾಫಿ ಮಾಡಿದಳು. ತೋಟದ ಮೇಲಿನ ಮೂಲೆಯ ಗಿಡಗಳಿಂದ, ಇಬ್ಬರು ಹೆಂಗಸರ ಜೊತೆ ನಿಂತು, ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಬಿಡಿಸಿದಳು. ಸಿಪ್ಪೆ ಸುಲಿದು, ತೊಳೆದು, ನೆಲದ ಮೇಲೆ ಹಾಕದೆ ಬಲೆ ಬಿಗಿದ ಮಂಚಗಳ ಮೇಲೆ ಒಣಗಿಸಿದಳು. ಗಂಟೆಗೊಮ್ಮೆ ಕೈಯಾಡಿಸುವುದು, ಒಡೆದ ಬೀಜ ಆರಿಸುವುದು. ಹೀಗೆ ಒಣಗಿದ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಎನ್ನುತ್ತೇವೆ. ಅವಳ ಪಾರ್ಚ್‌ಮೆಂಟ್ ಮೂರು ಗೋಣಿಚೀಲ ಆಯಿತು. ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಮಾರುವ ಹೆಂಗಸೊಬ್ಬಳು, ರುಚಿ ನೋಡಿಯೇ ಕೊಳ್ಳುವವಳು, ಜನವರಿ ಒಂದರಂದು ಕಳಸದ ಕಡೆ ಹೋಗುವಾಗ ಬಂದು ನೋಡುತ್ತೇನೆ ಎಂದಿದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಯಾವುದಕ್ಕೂ ಅಷ್ಟು ಆಸೆಯಿಂದ ಕಾದಿದ್ದನ್ನು ನಾನು ಕಂಡಿರಲಿಲ್ಲ.

ಆ ಮೂವತ್ತೊಂದರಂದು ಕೇಕನ್ನು ಕಣದಲ್ಲೇ ಕೊಯ್ದಳು, ನಾಲ್ಕು ಗಂಟೆಯ ಟೀ ಹೊತ್ತಿಗೆ, ಹಣ್ಣು ಬಿಡಿಸಿದ ಹೆಂಗಸರೂ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯೂ ಇದ್ದಾಗ. ನಾನು ಮಾಮೂಲಿ ಸಂಕಲ್ಪಕ್ಕೆ ಬಾಯಿ ತೆರೆದೆ. ಅವಳು ತಡೆದಳು.

"ಈ ಸಲ ನಿಮ್ಮದನ್ನ ನಾನೇ ಹೇಳ್ತೀನಿ. ನಾಳೆ ಆಕೆ ಬಂದು ಹೋಗೋ ತನಕ ಆ ಮೂರು ಚೀಲ ಮುಟ್ಟಬಾರ್ದು."

"ನಾನ್ಯಾಕೆ ಮುಟ್ಲಿ ಮಾರಾಯ್ತಿ?"

"ಮುಟ್ಟಲ್ಲ ಅಂತ ಹೇಳಿ."

"ಮುಟ್ಟಲ್ಲ."

"ಎಲ್ಲಾರೂ ಕೇಳಿಸ್ಕೊಂಡ್ರಲ್ಲ?" ಎಂದಳು. ಹೆಂಗಸರು ಕೇಕು ತುಂಬಿದ ಬಾಯಲ್ಲಿ ನಕ್ಕರು. ನಮ್ಮ ಮೇಸ್ತ್ರಿ ನಮ್ಮಪ್ಪನ ಕಾಲದಿಂದ ಇರುವವನು. "ಅಯ್ಯ ಮುಟ್ಟದಿದ್ರೆ ಸೈ," ಎಂದ, ನನ್ನ ಕಡೆ ನೋಡದೆ.

ಆಮೇಲೆ ಅವಳು ಅಡುಗೆಮನೆಗೆ ಹೋದಳು. ಮರುದಿನ ಹಾಸನದಿಂದ ಅವಳ ತಂಗಿಯ ಮನೆಯವರು ಬರುವವರಿದ್ದರು, ಹೋಳಿಗೆಗೆ ಹೂರಣ ಆಗಬೇಕಿತ್ತು. ಆಳುಗಳು ಮನೆಗೆ ಹೊರಟರು. ನಾನು ಜಗಲಿಯಲ್ಲಿ ಕುಳಿತೆ. ಮೂರು ದಿನದಿಂದ ನೆಗಡಿ. ಮೂಗಿನ ತುಂಬ ಬಾಮು ಹಚ್ಚಿಕೊಂಡಿದ್ದೆ. ಆ ಬಾಮಿನ ವಾಸನೆಯೂ ನನಗೆ ತಿಳಿಯುತ್ತಿರಲಿಲ್ಲ.

ಐದೂವರೆಗೆ ಒಂದು ಜೀಪು ನಿಂತಿತು. ನಾಲ್ಕು ಜನ ಹುಡುಗರು ಇಳಿದು ಕಣಕ್ಕೆ ಬಂದರು. ಒಬ್ಬ ಮಂಚದ ಮೇಲಿನ ಬೀಜ ಕೈಗೆತ್ತಿಕೊಂಡು, "ಅಂಕಲ್, ಇದು ಕಡ್ಲೇಕಾಯಾ?" ಎಂದ. ಅಲ್ಲಪ್ಪ ಎಂದೆ. ಫೋಟೋ ತೆಗೆದುಕೊಂಡು, ಹ್ಯಾಪಿ ನ್ಯೂ ಇಯರ್ ಹೇಳಿ ಹೋದರು. ಪಾಪ, ಅವರು ಮಾಡಿದ್ದು ಅಷ್ಟೆ.

ಆದರೆ ನನಗೆ ಅಷ್ಟು ಸಾಕಾಯಿತು. ಇವತ್ತು ಈ ದಾರಿಯಲ್ಲಿ ಇನ್ನೆಷ್ಟು ಜೀಪು ಹೋಗಬೇಕು. ಚೀಲಗಳಿರುವುದು ಕಣದ ಬದಿಯ ಶೆಡ್ಡಿನಲ್ಲಿ, ಅದಕ್ಕಿರುವುದು ಬರೀ ತಗಡಿನ ಬಾಗಿಲು. ಯಾರಾದರೂ ಹೊತ್ತುಕೊಂಡು ಹೋದರೆ? ಕುಡಿದು ಬಂದು ಪಟಾಕಿ ಎಸೆದರೆ? ಪಶ್ಚಿಮಕ್ಕೆ ನೋಡಿದರೆ ಕರ್ಚೀಫಿನಷ್ಟು ಮೋಡ ಬೇರೆ. ಕೊಟ್ಟ ಮಾತು ನೆನಪಿತ್ತು. ಆದರೆ ಮಾತು ಕೊಟ್ಟಿದ್ದು ಚೀಲ ಕೆಡಬಾರದೆಂದು ತಾನೇ, ಕಳುವಾಗಲಿ ಎಂದಲ್ಲವಲ್ಲ ಎಂದು ನನ್ನೊಳಗಿನ ಲಾಯರು ಎದ್ದು ನಿಂತ. ಒಂದೊಂದಾಗಿ ಮೂರೂ ಚೀಲ ಎಳೆದು ತಂದು ಮನೆಯ ಪಕ್ಕದ ಕೋಣೆಯಲ್ಲಿಟ್ಟೆ.

ಇಟ್ಟ ಮೇಲೆ ಇನ್ನೊಂದು ಶುರುವಾಯಿತು. ಆ ಕೋಣೆ ತಂಪು. ಇಬ್ಬನಿಗೆ ಗೋಡೆ ಬೆವರುತ್ತದೆ. ಗೋಣಿ ತೇವ ಎಳೆದುಕೊಂಡರೆ ಅವಳ ಹದಿನೈದು ದಿನದ ಬಿಸಿಲು ನೀರಲ್ಲಿ ಹೋಮ. ಅಲ್ಲಿದ್ದ ಮಲಗುವ ಮಂಚದ ಮೇಲೆ ಉಣ್ಣೆಯ ರಗ್ಗುಗಳ ರಾಶಿ ಇತ್ತು, ನೆಂಟರಿಗೆಂದು ಅವತ್ತೇ ಟ್ರಂಕಿನಿಂದ ತೆಗೆದದ್ದು. ಒಂದೊಂದು ಚೀಲಕ್ಕೆ ಎರಡೆರಡು ರಗ್ಗು ಹೊದಿಸಿದೆ. ಗಾಳಿ ಆಡದ ಹಾಗೆ ಅಂಚು ಒಳಗೆ ಸೇರಿಸಿದೆ, ಮಗುವಿಗೆ ಹೊದಿಸಿದ ಹಾಗೆ. ಬಾಗಿಲು ಹಾಕಿ ಬಂದಾಗ ಎಂಥ ನೆಮ್ಮದಿ ಎಂದರೆ, ಹೂರಣದ ಉಂಡೆ ಎರಡು ಕೇಳಿ ತಿಂದೆ.

ಬೆಳಿಗ್ಗೆ ಅವಳು ಶೆಡ್ಡಿನಿಂದ ಓಡಿ ಬಂದಳು. ಮುಖ ಬಿಳಿಚಿತ್ತು. "ರೀ, ಚೀಲ ಇಲ್ಲ."

"ಹೆದರ್ಬೇಡ. ನಾನೇ ಜೋಪಾನ ಮಾಡಿದೀನಿ," ಎಂದು ಕೋಣೆಯ ಬಾಗಿಲು ತೆಗೆದೆ.

ಅವಳು ಹೊಸ್ತಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ನಾನು ಅವಳ ಮುಖ ನೋಡುತ್ತಿದ್ದೆ, ಈಗ ಹೊಗಳುತ್ತಾಳೆ ಎಂದು. ಅವಳು ಮೆಲ್ಲಗೆ ಕೇಳಿದಳು:

"ನಿಮಗೆ ಮೂಗಿದೆಯಾ?"

ರಾತ್ರಿ ನೆಗಡಿ ಸ್ವಲ್ಪ ಇಳಿದಿತ್ತು. ಈಗ ಮೂಗಿಗೆ ಬಡಿಯಿತು. ಇಡೀ ಕೋಣೆ ನುಸಿಗುಳಿಗೆ ವಾಸನೆ. ವರ್ಷವಿಡೀ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದ ರಗ್ಗುಗಳು. ರಗ್ಗು ಕಿತ್ತು ಎಸೆದು ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಹಾಕಿ ಒಂದು ಬೊಗಸೆ ತೆಗೆದು ಮೂಸಿದೆ. ನಮ್ಮಜ್ಜಿಯ ಸೀರೆ ಪೆಟ್ಟಿಗೆ. ಎರಡನೆಯ ಚೀಲ ಅಜ್ಜಿಯ ಪೆಟ್ಟಿಗೆ, ಮೂರನೆಯದೂ ಅದೇ.

ಕಾಫಿ ಬೀಜ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಪಾರ್ಚ್‌ಮೆಂಟ್ ಹತ್ತಿರ ಸೀಮೆಣ್ಣೆ ಇಡಬೇಡಿ, ಗೊಬ್ಬರ ಇಡಬೇಡಿ, ಬೀಡಿ ಸೇದಬೇಡಿ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳುವವನು ನಾನೇ. ಗದ್ದಲ ಕೇಳಿ ಬಂದ ಮೇಸ್ತ್ರಿ ನಾಲ್ಕು ಬೀಜ ಅಂಗೈಯಲ್ಲಿ ಉಜ್ಜಿ ಮೂಸಿ, "ಕಾಫಿಗೆ ನಾಯಿಗಿಂತ ಮೂಗು ಚುರುಕು ಅಂತ ನೀವೇ ಹೇಳ್ತಿದ್ರಲ್ಲ ಅಯ್ಯಾ," ಎಂದ. ಬೈಯಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟಿದ್ದ.

"ಬಿಸಿಲಿಗೆ ಹರಡಿದ್ರೆ ಹೋಗಲ್ವಾ?" ಎಂದೆ.

"ರಗ್ಗಿನದಾದ್ರೆ ಹೋಗುತ್ತೆ," ಎಂದಳು ಹೆಂಡತಿ. ರಗ್ಗುಗಳನ್ನು ಎತ್ತಿಕೊಂಡು ಹೋಗಿ ತಂತಿಯ ಮೇಲೆ ಹಾಕಿದಳು.

ಚಿಕ್ಕಮಗಳೂರಿನವಳಿಗೆ ಫೋನು ಮಾಡಿ ಬರಬೇಡಿ ಅನ್ನೋಣವೇ ಎಂದರೆ ಬೇಡ ಎಂದಳು. ಹನ್ನೊಂದಕ್ಕೆ ಆ ಹೆಂಗಸು ಬಂದಳು. ಮೊದಲು ಮಂಚಗಳನ್ನು ನೋಡಿ ಬಹಳ ಮೆಚ್ಚಿಕೊಂಡಳು. ಆಮೇಲೆ ಚೀಲಕ್ಕೆ ಕೈ ಹಾಕಿ ಮೂಗಿನ ಹತ್ತಿರ ತಂದಳು. ಅವಳ ಕೈ ಅಲ್ಲೇ ನಿಂತಿತು.

"ಇದನ್ನ ಎಲ್ಲಿಟ್ಟಿದ್ರಿ?"

ಈಗ ನನ್ನ ಹೆಸರು ಬರುತ್ತದೆ ಎಂದು ನಾನು ನೆಲ ನೋಡುತ್ತ ನಿಂತೆ. ನನ್ನ ಹೆಂಡತಿ, "ಇಟ್ಟ ಜಾಗ ಸರಿ ಇರ್ಲಿಲ್ಲ," ಎಂದಳು. ಅಷ್ಟೆ. ನುಸಿಗುಳಿಗೆಗಿಂತ ಜೋರಾಗಿ ಬಡಿದದ್ದು ಅದು. ನಾಲ್ಕು ಜನರ ಮುಂದೆ ಮಾತು ಕೊಟ್ಟು ಎರಡು ಗಂಟೆಯೊಳಗೆ ಮುರಿದವನನ್ನು ಅವಳು ಪರರ ಮುಂದೆ ಬಿಟ್ಟುಕೊಡಲಿಲ್ಲ.

"ನಾನು ಮಾಡಿದ್ದು," ಎಂದೆ. ರಗ್ಗಿನ ಕಥೆ ಪೂರ್ತಿ ಹೇಳಿದೆ. ಆಕೆಗೆ ನಗು ತಡೆಯಲು ಕಷ್ಟವಾಯಿತು, ಆದರೂ ತಡೆದಳು. ಇದನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದು ಹೇಳಿ, ಬೇರೆ ಏನಾದರೂ ಇದೆಯೇ ಎಂದು ಕೇಳಿದಳು. ಕೊನೆಯ ಸಲ ಬಿಡಿಸಿದ್ದು ಎರಡು ಮಂಚದಷ್ಟು ಇನ್ನೂ ಹಸಿ ಇತ್ತು. ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ ಎಂದು ಹೋದಳು.

ಕಾರು ತಿರುವು ದಾಟಿದ ಮೇಲೆ ನನ್ನ ಹೆಂಡತಿ ಜಗಲಿಯ ಕಟ್ಟೆಯ ಮೇಲೆ ಕುಳಿತಳು.

"ನೀವು ಕಳ್ಳರಿಗೆ ಹೆದರಿದ್ರಿ, ಮಳೆಗೆ ಹೆದರಿದ್ರಿ. ನಾನು ಹೆದರಿದ್ದು ನಿಮಗೊಬ್ಬರಿಗೇ. ಅದಕ್ಕೇ ನಿನ್ನೆ ಎಲ್ಲರ ಮುಂದೆ ಮಾತು ತಗೊಂಡೆ."

ನನ್ನ ಚಿಂತೆಯೆಲ್ಲ ಮನೆ ಕಾಯುವ ನಾಯಿ ಇದ್ದ ಹಾಗೆ ಎಂದೇ ಇಷ್ಟು ವರ್ಷ ತಿಳಿದುಕೊಂಡಿದ್ದೆ. ಮನೆಯವರೇ ಅದಕ್ಕೆ ಹೆದರಿ ಬದುಕುತ್ತಿದ್ದಾರೆ ಎಂದು ಗೊತ್ತಾದದ್ದು ಆ ಜನವರಿ ಒಂದರಂದು.

ಸಂಜೆ ನೆಂಟರು ಬಂದರು. ದಿನವಿಡೀ ಬಿಸಿಲು ಕಂಡ ರಗ್ಗನ್ನು ಹೊದ್ದುಕೊಂಡು ನಾದಿನಿ, "ಭಾವ, ನಿಮ್ಮನೆ ರಗ್ಗು ಈ ಸಲ ಒಂಚೂರೂ ನುಸಿಗುಳಿಗೆ ವಾಸನೆ ಇಲ್ಲ ನೋಡಿ," ಎಂದಳು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ನಗಲು ಹೋದಳೋ ಅಳಲು ಹೋದಳೋ, ಕೇಳುವ ಧೈರ್ಯ ನನಗಿರಲಿಲ್ಲ. ಮರುದಿನದಿಂದ ನನ್ನ ಲೋಟಕ್ಕೆ ಮಾತ್ರ ಆ ಚೀಲದ ಕಾಫಿ ಬರತೊಡಗಿತು. ಹೇಗಿದೆ ಎಂದು ಅವಳು ಕೇಳಲಿಲ್ಲ. ನಾನೂ ಬೇಡ ಎನ್ನಲಿಲ್ಲ.

ಉಳಿದ ಎರಡು ಮಂಚಗಳನ್ನು ಕಾಯಲು ಅವಳು ಮೇಸ್ತ್ರಿಗೆ ಹೇಳಿದ್ದಳು. ಯಾರಿಂದ ಕಾಯಬೇಕೆಂದು ಅವನು ಕೇಳಲಿಲ್ಲ. ನಾನು ಕಣದ ಕಡೆ ನಡೆದರೆ ಸಾಕು, ಕೆಮ್ಮುತ್ತಿದ್ದ.

ಒಂದು ವಾರದ ಮೇಲೆ, ಮಧ್ಯಾಹ್ನ ಮೂರಕ್ಕೆ, ಅವನು ಊಟಕ್ಕೆ ಹೋಗಿದ್ದಾಗ ಪಶ್ಚಿಮದಿಂದ ಮೋಡ ಬಂತು. ಈ ಸಲ ಕರ್ಚೀಫಲ್ಲ, ಜಮಖಾನ. ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಒಂದು ಹನಿ ಮೆಟ್ಟಿಲ ಮೇಲೆ ಬಿತ್ತು. ಕಾಲು ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ತಂದೆ. ಕೂಗಿದೆ, "ಮಳೆ ಬರೋ ಹಾಗಿದೆ." ಮೋಡ ಕಂಡು ಬರೀ ಕೂಗಿ ನಿಂತಲ್ಲೇ ನಿಂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಅವಳು ಸೆರಗಿಗೆ ಕೈ ಒರೆಸುತ್ತ ಬಂದಳು. ನನ್ನನ್ನೂ ಕಂಬವನ್ನೂ ನೋಡಿದಳು. ಶೆಡ್ಡಿನಿಂದ ಟಾರ್ಪಾಲು ತಂದು ಬಿಡಿಸಿ, ಒಂದು ತುದಿ ನನ್ನ ಕಡೆ ಎಸೆದಳು.

"ಹಿಡ್ಕೊಳ್ಳಿ. ಹೊದಿಸೋಕೆ ಮೊದ್ಲು ಮೂಸಿ ನೋಡಿ."

ಹನಿಯುವ ಮಳೆಯಲ್ಲಿ ನಿಂತು ನಾಲ್ಕೂ ಮೂಲೆ ಮೂಸಿದೆ. ಏನೂ ಇಲ್ಲ ಎಂದೆ. ಅವಳು ನನ್ನ ಕೈಯಲ್ಲಿದ್ದ ತುದಿಯನ್ನು ಎಳೆದುಕೊಂಡು ತಾನೂ ಒಂದು ಸಲ ಮೂಸಿ, ಆಮೇಲೆ ಹೊದಿಸಿದಳು.