ನೊಣದಿಂದ ಗಿಡಕ್ಕೆ ಒಂದು ಬಾಣ

ಯಂತ್ರ ಎಲ್ಲರೆದುರು ಮುಗ್ಗರಿಸಿದ ದಿನವೇ, ಆ ಯಂತ್ರವನ್ನು ನೆಚ್ಚಿಕೊಂಡಿದ್ದ ಪರೀಕ್ಷೆಯ ಪ್ರಶ್ನೆ ಉಳಿದುಕೊಂಡದ್ದು ಹೇಗೆ? ಇದಕ್ಕೆ ಇದನ್ನು ಬರೆಯುವವರ ಬಳಿ ಉತ್ತರವಿರಲಿಲ್ಲ. ಅಂದು ಅದೇ ಕೋಣೆಯಲ್ಲಿ ಕುಳಿತಿದ್ದ ನಾದಿನಿಯ ಬಳಿಯೂ ಇರಲಿಲ್ಲ.

ಅವಳ ಅತ್ತಿಗೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ಮಕ್ಕಳಿಟ್ಟ ಹೆಸರು ಬಾಣದ ಮೇಡಂ. ಹಲಗೆಯ ಮೇಲೆ ಚೌಕಗಳನ್ನೆಳೆದು, ಒಳಗೆ ಪದಗಳನ್ನು ಕೂರಿಸಿ, ಒಂದರಿಂದ ಇನ್ನೊಂದಕ್ಕೆ ಬಾಣ ಬಿಡದಿದ್ದರೆ ಅವರಿಗೆ ಪಾಠವೇ ರುಚಿಸುತ್ತಿರಲಿಲ್ಲ. ಅಡುಗೆಮನೆಯ ಗೋಡೆಯೂ ತಪ್ಪಿಸಿಕೊಳ್ಳಲಿಲ್ಲ: ‘ಗಂಡನ ಗೊರಕೆ’ಯಿಂದ ‘ನನ್ನ ನಿದ್ರಾಭಂಗ’ಕ್ಕೆ, ಅಲ್ಲಿಂದ ‘ಸಕ್ಕರೆ ಮರೆತ ಕಾಫಿ’ಗೆ. ಗಂಡ ಅದನ್ನು ಓದಿ ತೆಪ್ಪಗೆ ಸಕ್ಕರೆ ಡಬ್ಬಿ ಹುಡುಕುತ್ತಿದ್ದರು.

ವಾರ್ಷಿಕ ಪರೀಕ್ಷೆಗೆ ಬಾಣದ ಚಿತ್ರದ ಪ್ರಶ್ನೆಯನ್ನು ತಂದವರೂ ಅವರೇ. ಮಗುವಿಗೆ ನಿಜವಾಗಿ ತಿಳಿದದ್ದೇನು ಎಂಬುದು ಕಾಣುವುದು ಅದೊಂದರಲ್ಲೇ ಎಂದು ನಂಬಿದ್ದರು. ಆದರೆ ಅಷ್ಟೊಂದು ಚಿತ್ರಗಳನ್ನು ತಿದ್ದುವವರು ಯಾರು? ಪರೀಕ್ಷಾ ಸಮಿತಿ ಪ್ರಶ್ನೆಯನ್ನೇ ಕಿತ್ತುಹಾಕಲು ಹೊರಟಿತು. ಪರೀಕ್ಷಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದ ನಾದಿನಿ, ಚಿತ್ರಗಳನ್ನು ಯಂತ್ರವೇ ಓದುವಂತೆ ಮಾಡುತ್ತೇನೆಂದು ಕಾಲಾವಕಾಶ ಬೇಡಿದಳು.

ಮೊದಲ ಯಂತ್ರ, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು. ಆಹಾರ ಸಾಗುವ ದಿಕ್ಕಿಗೆ ಬಾಣ ಎಳೆಯಬೇಕೆಂಬುದು ಪಾಠ. ಹಾಗೆಯೇ ಮಕ್ಕಳು ಹುಲ್ಲಿನಿಂದ ಹಸುವಿಗೆ ಬಾಣ ಎಳೆದು, ಮೇಲೆ ‘ತಿನ್ನುತ್ತದೆ’ ಎಂದು ಬರೆದಿದ್ದರು. ಯಂತ್ರ ಬಾಣವನ್ನು ಬಾಲದಿಂದ ಮೊನೆಯವರೆಗೆ ನೆಟ್ಟಗೆ ಓದಿಬಿಟ್ಟಿತು.

“ಅತ್ತಿಗೆ, ನಿಮ್ಮ ಕ್ಲಾಸಲ್ಲಿ ಹುಲ್ಲು ಹಸೂನ ತಿನ್ನುತ್ತಂತೆ. ಕಪ್ಪೆ ಹಾವನ್ನ ನುಂಗಿ ಕೂತಿದೆ.”

“ಹಾಗಾದ್ರೆ ನಾಳೆಯಿಂದ ಹಾಲು ಕರೆಯೋದೂ ಹುಲ್ಲನ್ನೇ ಬಿಡು.”

ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು.

ಆಮೇಲೆ ನಾದಿನಿ ಅದಕ್ಕೆ ಭಾಷಾ ಮಾದರಿಯೊಂದನ್ನು ಜೋಡಿಸಿದಳು. ರಾಶಿಗಟ್ಟಲೆ ಬರಹ ಓದಿ ಮಾತಿನ ಜಾಡು ಹಿಡಿದ ಯಂತ್ರ ಅದು. ಬಾಣವನ್ನೂ ಪದವನ್ನೂ ಅಕ್ಕಪಕ್ಕದ ಚೌಕಗಳನ್ನೂ ಒಟ್ಟಿಗೆ ನೋಡಿ, ಹಸು ಹುಲ್ಲನ್ನು ತಿನ್ನುತ್ತದೆ ಎಂದಿತು. ನಾದಿನಿ ಕುಣಿದಾಡಿದಳು. ಅತ್ತಿಗೆಗೆ ಮಾತ್ರ ಅನುಮಾನ: ಇದು ಓದುತ್ತಿದೆಯೋ, ಊಹಿಸುತ್ತಿದೆಯೋ? ಅದೇ ಹಾಳೆಯಲ್ಲಿ, ಅದೇ ಕ್ರಮದಲ್ಲಿ, ನೊಣದಿಂದ ಗಿಡಕ್ಕೆ ಒಂದು ಬಾಣ ಎಳೆದು ‘ತಿನ್ನುತ್ತದೆ’ ಎಂದು ಬರೆದರು. ನೊಣ ಹಿಡಿದು ತಿನ್ನುವ ಗಿಡಗಳೂ ಲೋಕದಲ್ಲಿವೆಯಲ್ಲ. ನೊಣ ಗಿಡವನ್ನು ತಿನ್ನುತ್ತದೆ ಎಂದು ಯಂತ್ರ ಓದಿತು. ಹಸುವಿಗೊಂದು ನ್ಯಾಯ, ಗಿಡಕ್ಕೊಂದು ನ್ಯಾಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸಮಿತಿಯ ಮುಂದೆ ಆ ಗಿಡದ ಸುದ್ದಿ ಎತ್ತಬೇಡಿ ಎಂದು ನಾದಿನಿ ಗೋಗರೆದಳು. ಆದರೆ ಯಂತ್ರವನ್ನು ತೋರಿಸಿದ ದಿನ, ಸಮಿತಿಯ ಅಧ್ಯಕ್ಷರು ಮೆಚ್ಚಿ ತಲೆದೂಗುತ್ತಿದ್ದಾಗಲೇ ಅತ್ತಿಗೆ ಎದ್ದು ಹೋಗಿ ಅದೇ ಬಾಣ ಎಳೆದರು. ಯಂತ್ರ ಅದೇ ತಪ್ಪನ್ನು ಓದಿತು. ಅತ್ತಿಗೆ ಗಿಡದ ವಿಷಯ ವಿವರಿಸಿ ಬಂದು ಕುಳಿತರು.

“ಸುಮ್ನಿದ್ದಿದ್ರೆ ನಿಮ್ಮ ಪ್ರಶ್ನೆ ಉಳೀತಿತ್ತಲ್ಲ ಅತ್ತಿಗೆ,” ಎಂದು ನಾದಿನಿ ಪಿಸುಗುಟ್ಟಿದಳು.

“ಪ್ರಶ್ನೆ ನಂದು ಕಣೇ, ಉತ್ತರ ಮಗೂದು. ಮಗು ಹೇಳಿದ್ದನ್ನ ಇದು ತನಗೆ ಬೇಕಾದ ಹಾಗೆ ಓದೋದಾದ್ರೆ, ಪ್ರಶ್ನೆ ಉಳಿದು ಏನ್ ಬಂತು?”

ಅಧ್ಯಕ್ಷರು ಹಾಳೆಯನ್ನು ಹತ್ತಿರ ತರಿಸಿಕೊಂಡು ಗಿಡದ ಚೌಕದ ಮೇಲೆ ಬೆರಳಿಟ್ಟರು. ಬಳಿಕ, ಪ್ರಶ್ನೆ ಇರಲಿ ಎಂದರು. ಯಂತ್ರ ತಾನು ಓದಿದ್ದನ್ನು ಮಗುವಿಗೆ ತೋರಿಸಲಿ, ಮಗು ಅಲ್ಲ ಎಂದಲ್ಲಿ ಶಿಕ್ಷಕರು ನೋಡಲಿ ಎಂದು ಅಪ್ಪಣೆಯಾಯಿತು. ಅತ್ತಿಗೆ-ನಾದಿನಿಯರು ಬಸ್ಸಿನಲ್ಲಿ ಎಷ್ಟು ನಕ್ಕರೆಂದರೆ ಕಂಡಕ್ಟರ್ ಟಿಕೆಟ್ ಕೇಳಲು ಹೆದರಿದ. ಆ ವರ್ಷದಿಂದ ಯಂತ್ರಕ್ಕೆ ‘ಅಲ್ಲ’ ಎನ್ನುವ ಸುಖಕ್ಕಾಗಿಯೇ ಮಕ್ಕಳು ವಿಚಿತ್ರವಾದ ನಿಜಗಳನ್ನು ಹುಡುಕಿ ತರತೊಡಗಿದರು.

ಅತ್ತಿಗೆ ತೀರಿಕೊಂಡ ಮೇಲೆ ಅಧ್ಯಕ್ಷರು ಮಾತನಾಡಿಸಲು ಬಂದರು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು ನಾದಿನಿಗೆ ಹೇಳಿದರು:

“ನಾನು ಲೆಕ್ಕದ ಮೇಷ್ಟ್ರಮ್ಮ. ನೊಣ ತಿನ್ನೋ ಗಿಡ ಇರುತ್ತೆ ಅಂತ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ನನ್ನ ಕೈಗೆ ಆ ಹಾಳೆ ಬಂದಿದ್ರೂ ಸೊನ್ನೆ ಸುತ್ತಿರ್ತಿದ್ದೆ. ಆ ತಪ್ಪಿಗೆ ಯಂತ್ರಾನ ಬೇಡ ಅಂದ್ರೆ ನನ್ನನ್ನೂ ಬೇಡ ಅನ್ನಬೇಕಾಗ್ತಿತ್ತು. ಅದನ್ನ ಎಲ್ಲರೆದುರು ಒಪ್ಕೊಳ್ಳೋದಕ್ಕಿಂತ ಪ್ರಶ್ನೆ ಉಳಿಸೋದೇ ಸುಲಭ ಅನ್ನಿಸ್ತು.”