ನೆರಳಲ್ಲಿಟ್ಟ ಹುಲ್ಲು

ನಾನು ದನದ ಡಾಕ್ಟರು. ಇಟ್ಟಂಗಿಹಾಳದ ಗುರಪ್ಪಣ್ಣ ಮದುವೆ ಮೆರವಣಿಗೆಗೆಂದು ಒಂದು ಕುದುರೆ ಸಾಕಿದ್ದಾನೆ. ಹೊತ್ತು ಮುಳುಗಿದರೆ ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಸೊಲ್ಲಾಪುರ ರಸ್ತೆಯಲ್ಲಿ ಒಮ್ಮೆ ಎಡವಿ, ಮದುಮಗನನ್ನು ಬ್ಯಾಂಡಿನವರ ಮೇಲೆ ಕೆಡವಿತ್ತು. ಆಮೇಲೆ ಯಾರೂ ಅದನ್ನು ಕರೆಯಲಿಲ್ಲ.

ಅದಕ್ಕೆ ಹಾಕುತ್ತಿದ್ದ ಬಣವೆಯ ಹುಲ್ಲು ಬಿಸಿಲು ತಿಂದು ಬಿಳಿಚಿಕೊಂಡಿತ್ತು. ‘ಹುಲ್ಲು ಹಸರಿದ್ರ ಅದರಾಗ ಎ ವಿಟಮಿನ್ ಇರತೈತ್ರಿ. ಬಿಸಲಿಗೆ ಬೆಳ್ಳಗಾದ್ರ ಹೋಗತೈತಿ. ಹೊಸಾ ಹುಲ್ಲು ನೆಳ್ಳಾಗ ಒಣಗಿಸಿ ಇಡ್ರಿ’ ಎಂದು ಹೇಳಿ, ಕುದುರೆಗೆ ಇಂಜೆಕ್ಷನ್ ಮಾಡಿ ಬಂದೆ.

ಮುಂದಿನ ತಿಂಗಳು ಹೋದಾಗ ತಗಡಿನ ಶೆಡ್ಡಿನ ತುಂಬ ಹಸಿರು ಒಣಹುಲ್ಲು. ಕುದುರೆ ಹೊರಗೆ, ಉರಿಬಿಸಿಲಲ್ಲಿ.

‘ಗುರಪ್ಪಣ್ಣ, ಇದು ಕುದರಿ ಶೆಡ್ ಅಲ್ಲೇನ್ರಿ?’

‘ಹೌದ್ರಿ. ಬಿಸಲಿಗೆ ಹುಲ್ಲಿನ ವಿಟಮಿನ್ ಹೋಗತೈತಿ ಅಂದ್ರಲ್ಲರಿ. ಕುದರೀದೇನ್ ಹೋಗತೈತ್ರಿ?’

ಬಿಸಿಲಿಂದ ಕುದುರೆಗೆ ಡಿ ವಿಟಮಿನ್ ಸಿಗುತ್ತದೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೇಳಿದ್ದರೆ ಆ ಪ್ರಾಣಿ ಮತ್ತೆಂದೂ ನೆರಳು ಕಾಣುತ್ತಿರಲಿಲ್ಲ.

‘ಕಣ್ಣು ಹೆಂಗದಾವ್ರಿ ಈಗ?’ ಎಂದೆ.

‘ಚಲೋ ಆಗ್ಯಾವ್ರಿ.’

ಆಗಿರಲೇಬೇಕು. ಹೊತ್ತು ಮುಳುಗಿದ ಮೇಲೆ ನೋಡಲು ಹೋದರೆ, ಕುದುರೆ ದೂರದಿಂದಲೇ ನನ್ನ ಗುರುತು ಹಿಡಿದು, ಬೆನ್ನು ತಿರುಗಿಸಿ ನಿಂತಿತು.