ಚರಗಕ್ಕೆ ಹೋದ ಕಾರು

ನಾನು ಮೊದಲ ಸಲ ಮನಸೋತ ಕಾರು ಕೆನೆಬಣ್ಣದ್ದಾಗಿತ್ತು ಎಂದು ಬರೆದು, ಆ ವಾಕ್ಯವನ್ನು ಎರಡು ಸಲ ಹೊಡೆದುಹಾಕಿದ್ದೇನೆ. ಅದು ತಿಳಿನೀಲಿ ಇತ್ತೆಂದು ಅವ್ವ ಖಚಿತವಾಗಿ ಹೇಳುತ್ತಾಳೆ. ಹಳೆಯ ದಿನಚರಿ ತೆಗೆದು ನೋಡೋಣವೆಂದರೆ ನಾನು ದಿನಚರಿ ಬರೆಯಲು ಹಿಡಿದದ್ದು ಧಾರವಾಡದಲ್ಲಿ ಎಂ.ಎ. ಓದುವಾಗ, ಅಷ್ಟೊತ್ತಿಗೆ ಆ ಕಾರು ನಮ್ಮ ಮನೆತನದ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಎಂಬತ್ತರ ದಶಕದ ನಡುವಿನ ವರ್ಷ, ನಾನು ನಾಲ್ಕನೆಯ ಇಯತ್ತೆ ಇರಬೇಕು, ಅಥವಾ ಐದನೆಯದು. ಹೀಗಾಗಿ ಬಣ್ಣ, ವರ್ಷ, ಯಾರು ಮೊದಲು ಮಾತಾಡಿದರು ಎಂಬಂಥ ವಿಷಯಗಳಲ್ಲಿ ಓದುಗರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ಪ್ರೀತಿಯ ವಿಷಯದಲ್ಲಿ ಮಾತ್ರ ನಂಬಬಹುದು.

ಕಾರು ನಮ್ಮ ಕಾಕಾನದು. ಅಪ್ಪನ ತಮ್ಮನಾದ ಅವನು ನವಲಗುಂದದಲ್ಲಿ ವಕೀಲಿ ಮಾಡುತ್ತಿದ್ದ. ನಾವು ಮೊರಬದಲ್ಲಿ ಒಕ್ಕಲುತನದ ಮನೆಯಲ್ಲಿದ್ದೆವು. ಯಾರೋ ಬಳಸಿ ಬಿಟ್ಟ ಅಂಬಾಸಿಡರನ್ನು ಅವನು ಕೊಂಡು ತಂದು ನಮ್ಮ ಕಟ್ಟೆಯ ಮುಂದೆ ನಿಲ್ಲಿಸಿದ ದಿನ, ಬಸ್ಸು ಮತ್ತು ಟ್ರ್ಯಾಕ್ಟರುಗಳನ್ನಷ್ಟೇ ಕಂಡಿದ್ದ ನಮ್ಮ ಓಣಿಯ ಕೋಳಿಗಳು ಕೂಡ ಸ್ವಲ್ಪ ಹೊತ್ತು ಗಂಭೀರವಾಗಿದ್ದವೆಂದು ನನ್ನ ನೆನಪು. ಅದರ ಬಾಗಿಲು ಮುಚ್ಚುವಾಗ ಬರುತ್ತಿದ್ದ ಸದ್ದು ಎಂಥದೆಂದರೆ, ಕಣಜದ ಬಾಯಿಗೆ ದೊಡ್ಡ ಮುಚ್ಚಳ ಇಟ್ಟಂತೆ, ಒಳಗಿದ್ದದ್ದೆಲ್ಲ ಇನ್ನು ಸುರಕ್ಷಿತ ಎಂದು ಹೇಳಿದಂತೆ. ಮುಂದಿನ ಕಿಟಕಿಯ ಮೂಲೆಯಲ್ಲಿ ಮುಕ್ಕೋನಾಕಾರದ ಒಂದು ಪುಟ್ಟ ಗಾಜು, ಬೆರಳಿನಿಂದ ತಳ್ಳಿದರೆ ತಿರುಗುತ್ತಿತ್ತು. ಹಿಂದಿನ ಸೀಟಿಗೆ ಕಾಕಾ ನವಲಗುಂದದ ಜಮಖಾನ ಹಾಸಿದ್ದ. ಅದರಲ್ಲಿ ಎರಡು ನವಿಲು. ಕೂತರೆ ಒಂದರ ಮೇಲಾದರೂ ಕೂಡಬೇಕಾಗುತ್ತಿತ್ತು, ಆದ್ದರಿಂದ ನಾನು ತುದಿಯಲ್ಲಿ ಕೂಡುತ್ತಿದ್ದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ರಸಾನುಭವದ ಬಗ್ಗೆ ಹದಿನಾರು ಪುಟದ ಪ್ರಬಂಧ ಬರೆದು ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡೆ. ಅದರ ಅರ್ಧ ಪಾಠ ಆ ಕಾರಿನ ಹೊಳೆಯುವ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಗಲವಾಗಿ ಹಿಗ್ಗಿದ ನನ್ನ ಮುಖವನ್ನೇ ಮೆಚ್ಚಿಕೊಳ್ಳುತ್ತಿದ್ದಾಗಲೇ ಆಗಿತ್ತೆಂದು ಅವರಿಗೆ ಹೇಳಲಿಲ್ಲ.

ಇನ್ನು ಆಯಿಯ ವಿಷಯ ಹೇಳಬೇಕು. ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಕಡೆ ಎಳ್ಳ ಅಮಾಸಿಗೆ ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತೇವೆ. ತೆನೆಗಟ್ಟುವ ಕಾಲದ ಭೂಮಿ ಬಸುರಿ. ಅವಳಿಗೆ ಬಯಕೆಯ ಊಟ. ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು ಪೂಜಿಸಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡಬು, ಎಣ್ಣೆಗಾಯಿ ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತಬೇಕು. ಅದೇ ಚರಗ. ಅಜ್ಜ ತೀರಿಕೊಂಡ ಮರುವರ್ಷದಿಂದ ಆಯಿ ಚರಗಕ್ಕೆ ಬರುವುದು ನಿಂತಿತ್ತು. ಮೊಣಕಾಲು ನೋವು, ಚಕ್ಕಡಿ ಹತ್ತಲಾಗುವುದಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ನಸುಕಿಗೆ ಎದ್ದು ರೊಟ್ಟಿ ಬಡಿಯುವವಳು ಅವಳೇ, ಬುಟ್ಟಿ ಕಟ್ಟುವವಳು ಅವಳೇ. ಚಕ್ಕಡಿ ಓಣಿ ದಾಟುವವರೆಗೆ ಹೊಸ್ತಿಲಲ್ಲಿ ನಿಂತಿರುವವಳೂ ಅವಳೇ. ಸಂಜೆ ನಾವು ಮರಳಿದ ಕೂಡಲೇ ಕೇಳುವ ಪ್ರಶ್ನೆಯೂ ಪ್ರತಿವರ್ಷ ಒಂದೇ: "ಕಲ್ಲು ಮೂಡಣದ ಕಡೆ ಮಾರಿ ಮಾಡಿ ಇಟ್ಟೀರಿಲ್ಲೋ?" ಆ ಹೊಲಕ್ಕೆ ಅವಳು ಸೊಸೆಯಾಗಿ ಬಂದಾಗ ಬನ್ನಿಗಿಡ ಅವಳ ಸೊಂಟದಷ್ಟಿತ್ತಂತೆ. ಇನ್ನೊಮ್ಮೆಯಾದರೂ ಅದನ್ನು ನೋಡಬೇಕೆಂದು ಅವಳು ಬಾಯಿಬಿಟ್ಟು ಅಂದದ್ದು ನಾನು ಕೇಳಿಲ್ಲ. ಅನ್ನದಿದ್ದರೂ ಮನೆಯ ನನ್ನಂಥ ಹುಡುಗಿಗೂ ಅದು ತಿಳಿದಿತ್ತು.

ಕಾರು ಬಂದ ವರ್ಷ ಕಾಕಾ ಅಮಾಸಿಯ ಹಿಂದಿನ ದಿನ ಊರಿಗೆ ಬಂದು, ಕೋರ್ಟಿನಲ್ಲಿ ನಿಂತ ಗತ್ತಿನಲ್ಲಿ ಪಡಸಾಲೆಯಲ್ಲಿ ಆಯಿಯ ವಿಷಯ ಸಾರಿಬಿಟ್ಟ. "ಈ ಸಲ ಅವ್ವನ್ನ ನಾ ಕಾರಿನ್ಯಾಗ ಕರ್ಕೊಂಡು ಹೋಗಾಂವ. ಸೀಟಿನ ಮ್ಯಾಲ ಕುಂದ್ರೂದು, ಬನ್ನಿಗಿಡದ ಬುಡಕ ಇಳಿಯೂದು. ಮೊಣಕಾಲಿಗೆ ಕೆಲಸನ ಇಲ್ಲ."

ಅಪ್ಪ ತೊಲೆ ನೋಡಿದ. ಅವ್ವ ಒಳಗೆ ಹೋದಳು. ಮಾತಾಡಿದವನು ನಮ್ಮ ಎತ್ತು ಹೊಡೆಯುವ ಯಲ್ಲಪ್ಪ ಒಬ್ಬನೇ. "ಬಾಜು ಹೊಲಕ್ಕ ಕಾಲುವಿ ನೀರು ಬಿಟ್ಟಾರ್ರಿ ಧಣೇರ. ಎರಿ ದಾರಿ, ಒಳಗ ಹಸಿ ಇರತೈತಿ."

"ನಾ ನೋಡ್ಕೊಂತ ಬಂದೇನಿ, ಅಗದಿ ಒಣಗೇತಿ ಬಿಡಲೇ," ಎಂದ ಕಾಕಾ.

"ಮ್ಯಾಲ ಒಣಗೇತ್ರಿ," ಎಂದು ಯಲ್ಲಪ್ಪ ಎಲೆಗೆ ಸುಣ್ಣ ಹಚ್ಚಿದ.

ಕಪ್ಪು ಎರಿ ಮಣ್ಣಿನಲ್ಲೇ ಹುಟ್ಟಿ, ಅದರಲ್ಲೇ ಲಂಗೋಟಿ ಕಟ್ಟಿ ಆಡಿದ ಕಾಕಾ, ಹತ್ತು ವರ್ಷ ಡಾಂಬರಿನ ಮೇಲೆ ನಡೆದದ್ದರಿಂದ ಆ ಮಣ್ಣಿನ ಸ್ವಭಾವವನ್ನೇ ಮರೆತಿದ್ದ. ಬಿಸಿಲಿಗೆ ಮೇಲೊಂದು ಗಟ್ಟಿ ಹಪ್ಪಳ ಕಟ್ಟಿಕೊಂಡು ಒಳಗೆ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುವ ಮಣ್ಣು ಅದು. ಕಾಕಾನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಮೇಲೆ ಒಣಗಿದ್ದನ್ನು ಕಂಡು ಒಳಗೂ ಒಣಗಿದೆಯೆಂದು ನಾನು ನಂಬಿದ ಸಂದರ್ಭಗಳಿಗೆ ಲೆಕ್ಕವಿಲ್ಲ.

ಮರುದಿನ ಅಪ್ಪ ಮತ್ತು ಯಲ್ಲಪ್ಪ ಬುಟ್ಟಿಗಳೊಂದಿಗೆ ಚಕ್ಕಡಿಯಲ್ಲಿ ಮುಂದೆ ಹೋದರು. ಕಾರಿನಲ್ಲಿ ಮುಂದೆ ಕಾಕಾ ಮತ್ತು ಆಯಿ, ಹಿಂದೆ ನವಿಲುಗಳ ನಡುವೆ ಅವ್ವ ಮತ್ತು ನಾನು. ಆಯಿ ಹತ್ತುವ ಮುನ್ನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದಳು. ಕಡಲೆ, ಕುಸುಬಿ, ಬಿಳಿಜೋಳದ ಹೊಲಗಳ ನಡುವೆ ಕಾರು ಓಲಾಡುತ್ತ ಸಾಗಿದಾಗ, ಲೋಕದಲ್ಲಿ ಇದಕ್ಕಿಂತ ಸೊಗಸಾದ ವಾಹನವಿದೆಯೆಂದು ಯಾರಾದರೂ ಹೇಳಿದ್ದರೆ ನಾನು ಅವರ ಜೊತೆ ಮಾತು ಬಿಡುತ್ತಿದ್ದೆ. ಇನ್ನು ಎರಡೇ ಹೊಲ ದಾಟಬೇಕು, ದೂರದಲ್ಲಿ ಬನ್ನಿಗಿಡ ಕಾಣುತ್ತಿದೆ ಅನ್ನುವಾಗ ಮುಂದಿನ ಎಡಗಾಲಿ ಮೆತ್ತಗೆ ಕೆಳಗಿಳಿಯಿತು. ಕಾಕಾ ವೇಗ ಹೆಚ್ಚಿಸಿದ. ಹಿಂದಿನ ಗಾಲಿಗಳು ಒಂದಿಷ್ಟು ತಿರುಗಿ, ಕರಿಮಣ್ಣನ್ನು ಮೈತುಂಬ ಸುತ್ತಿಕೊಂಡು ಅವೂ ಇಳಿದವು. ಮೂರು ಸಲ ಪ್ರಯತ್ನಿಸಿದ ಮೇಲೆ ವಕೀಲರು ವಾದ ನಿಲ್ಲಿಸಿದರು.

"ಇಳಿಬ್ಯಾಡ ಅವ್ವಾ, ಕುಂದ್ರು. ಎತ್ತು ತರಸ್ತೀನಿ, ಒಂದು ತಾಸಿನ್ಯಾಗ ಮನೀಗೆ ಹೋಗೂಣು."

"ಮನೀಗ್ಯಾಕ?" ಎಂದಳು ಆಯಿ. ಬಾಗಿಲಿನ ಹಿಡಿಯನ್ನು ಹೇಗೆ ತೆರೆಯಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಎರಡು ಸಲ ತಡಕಾಡಿ ತೆರೆದಳು. ಚಪ್ಪಲಿಯನ್ನು ಸೀಟಿನ ಮೇಲೇ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬದುವಿನ ಮೇಲೆ ನಡೆದುಬಿಟ್ಟಳು. ಅವ್ವ "ಅತ್ತೀ, ಸಾವಕಾಶ!" ಎನ್ನುತ್ತ ಹಿಂದೆ ಓಡಿದಳು. ಅತ್ತೆ ಸಾವಕಾಶವಾಗಲಿಲ್ಲ.

ಇಲ್ಲಿ ನಾನು ಆಯಿಯ ಕೈಹಿಡಿದು ಹೋದೆನೆಂದು ಬರೆದರೆ ಚೆಂದವಿತ್ತು. ನಾನು ಕಾರು ಬಿಟ್ಟು ಕದಲಲಿಲ್ಲ. ಅದು ಕೆಸರಿನಲ್ಲಿ ಒಂಟಿಯಾಗಿದೆಯೆಂದು ಅಳು ಬಂದಿತ್ತು. ಹೀಗಾಗಿ ಮುಂದಿನದನ್ನೆಲ್ಲ ನಾನು ಕಂಡದ್ದು ಮುಂದಿನ ಗಾಜಿನೊಳಗಿಂದ, ದೂರದಿಂದ, ಬೊಂಬೆಯಾಟದ ಹಾಗೆ. ಬನ್ನಿಗಿಡದ ಬಳಿ ಅಪ್ಪ ಎದ್ದು ನಿಂತದ್ದು. ಆಯಿ ಬಗ್ಗಿ ಏನನ್ನೋ ಸರಿಸಿದ್ದು, ಕಲ್ಲುಗಳಿರಬೇಕು. ಅಪ್ಪನ ಕಂಕುಳಲ್ಲಿದ್ದ ಬುಟ್ಟಿಗೆ ಕೈ ಹಾಕಿದ್ದು. ಅಪ್ಪ ಬುಟ್ಟಿಯನ್ನು ಕೊಟ್ಟನೋ ಅವಳು ತೆಗೆದುಕೊಂಡಳೋ ಅಷ್ಟು ದೂರದಿಂದ ತಿಳಿಯಲಿಲ್ಲ. ಆಮೇಲೆ, ಅಲ್ಲಿಯವರೆಗೆ ಗಂಡಸರು ಮಾತ್ರ ಚೆಲ್ಲುವುದನ್ನು ನೋಡಿದ್ದ ನಾನು, ಬಿಳಿಯ ತಲೆಯೊಂದು ಜೋಳದ ಸಾಲಿನಲ್ಲಿ ಸರಿಯುತ್ತ, ಕೈ ಬೀಸಿ ಬೀಸಿ ಚರಗ ಚೆಲ್ಲುವುದನ್ನು ನೋಡಿದೆ. ಮುಕ್ಕೋನದ ಪುಟ್ಟ ಗಾಜನ್ನು ತಳ್ಳಿದಾಗ ಚರಗ ಚೆಲ್ಲುವವರ ಕೂಗು ಆಯಿಯ ದನಿಯಲ್ಲೇ ಕೇಳಿಬಂತು: "ಹುಲ್ಲುಲ್ಲಿಗೋ!" ಹೊರಗೆ ನಿಂತಿದ್ದ ಕಾಕಾ ಕೆಸರುಗೈಯಲ್ಲೇ ಕನ್ನಡಕ ತೆಗೆದು, ಒರೆಸಿ, ಇನ್ನಷ್ಟು ಕೆಸರು ಮಾಡಿಕೊಂಡ.

ಊಟವಾದ ಮೇಲೆ ಯಲ್ಲಪ್ಪ ಚಕ್ಕಡಿಯ ಎತ್ತು ಬಿಚ್ಚಿ ತಂದು ಬಂಪರಿಗೆ ಹಗ್ಗ ಕಟ್ಟಿದ. ಕೊಂಬಿಗೆ ಬಣ್ಣ ಬಳಿದ ಎರಡು ಎತ್ತುಗಳು ಎಳೆಯುತ್ತಿದ್ದರೆ, ಒಳಗೆ ಕಾಕಾ ತಾನೇ ನಡೆಸುತ್ತಿದ್ದೇನೆಂಬ ಮುಖ ಮಾಡಿ ಸ್ಟೇರಿಂಗ್ ತಿರುಗಿಸುತ್ತಿದ್ದ. "ಹಾರ್ನ್ ಹೊಡೀರಿ ಧಣೇರ, ಎತ್ತು ದಾರಿ ಬಿಡ್ಲಿ," ಎಂದ ಯಲ್ಲಪ್ಪ. ಗಟ್ಟಿ ನೆಲಕ್ಕೆ ಬಂದು ನಿಂತ ಕಾರು, ಮೈಯೆಲ್ಲ ಮಣ್ಣಾಗಿ, ನನಗೆ ಮೊದಲಿಗಿಂತ ಚೆಂದ ಕಂಡಿತು, ನಮ್ಮವರಲ್ಲಿ ಒಬ್ಬರಂತೆ.

ಕಾಕಾ ಬಾಗಿಲು ತೆರೆದು ಹಿಡಿದ. ಆಯಿ ಅದರ ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಎತ್ತಿನ ಮೈ ಸವರುವ ಹಾಗೆ ಒಮ್ಮೆ ಸವರಿದಳು. "ಛಲೋ ಐತಿ ನಿನ್ನ ಗಾಡಿ. ನೀವು ಬರ್ರಿ. ನಾ ಚಕ್ಕಡ್ಯಾಗ ಬರ್ತೀನಿ," ಎಂದಳು. ಮತ್ತೆ ಹೂಡಿದ ಚಕ್ಕಡಿಯ ಗಾಲಿಯ ಮೇಲೆ ಕಾಲಿಟ್ಟು, ಗೂಟ ಹಿಡಿದು, ಯಾರ ಹೆಗಲೂ ಕೇಳದೆ ಹತ್ತಿ ಕೂತಳು. ನಾವೆಲ್ಲ ನೋಡುತ್ತ ನಿಂತಿದ್ದೆವು. ಅಪ್ಪ ಮತ್ತೆ ಮೇಲೆ ನೋಡಿದ, ಅಲ್ಲಿ ತೊಲೆ ಇರಲಿಲ್ಲ.

ಅಂದಿನಿಂದ ಅವಳು ಇರುವತನಕ ಪ್ರತಿವರ್ಷ ಚರಗಕ್ಕೆ ಬಂದಳು, ಚಕ್ಕಡಿಯಲ್ಲೇ. ಈ ಕತೆಯನ್ನು ನಾನು ಬಹಳ ವರ್ಷ ಕಾಕಾನ ಫಜೀತಿಯ ಕತೆಯಾಗಿ ಹೇಳಿ ಜನರನ್ನು ನಗಿಸಿದ್ದೇನೆ. ಈಗ ಬರೆಯಲು ಕೂತಾಗ ಕಾರಿನ ಬಗ್ಗೆ ನನ್ನ ಮೆಚ್ಚುಗೆ ಬೇರೆ ಕಾರಣಕ್ಕೆ ಹೆಚ್ಚಾಗಿದೆ. ಐದಾರು ವರ್ಷ ಮನೆಯಲ್ಲಿ ಗಟ್ಟಿಯಾಗಿ ಕೂತಿದ್ದ ಒಂದು ನೆಪವನ್ನು ಎಬ್ಬಿಸಲು ಇನ್ನೊಂದು ನೆಪ ಬೇಕಿತ್ತು. ಅದು ನಾಲ್ಕು ಗಾಲಿಯ ಮೇಲೆ ಬಂತು, ಸರಿಯಾದ ಜಾಗದಲ್ಲಿ ಸಿಕ್ಕಿಕೊಂಡಿತು. ಅಜ್ಜ ಹೋದ ವರ್ಷವೇ ಮೊಣಕಾಲೂ ಹೋಗಿತ್ತು ಎಂಬುದು, ಮತ್ತು ಬಸುರಿಗೆ ಬಯಕೆ ಉಣಿಸುವ ಕಡೆ ಗಂಡ ಸತ್ತವರು ಮುಂದೆ ಬರಬಾರದೆಂದು ನಮ್ಮ ಓಣಿಯಲ್ಲಿ ನಂಬುತ್ತಿದ್ದರು ಎಂಬುದು, ಇವೆರಡನ್ನೂ ನಾನು ಬಲ್ಲೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲು ನನಗೆ ಇಷ್ಟು ವರ್ಷ ಹಿಡಿಯಿತು.

ಹೋದ ತಿಂಗಳು ಅವ್ವನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿದೆ. ಕೇಳಿದ ಮೇಲೆ ಅವಳು ಸುಲಿದ ಕಾಳನ್ನು ಮತ್ತೊಮ್ಮೆ ಆರಿಸತೊಡಗಿದಳು. ನಾನು ಕೇಳಿದ್ದು ಇಷ್ಟೇ: "ಅವ್ವಾ, ಆಯಿಗೆ ಮೊಣಕಾಲು ನೋವು ಐತಿ ಅಂತ ಮೊದಲು ಅಂದವರು ಯಾರು? ಆಯಿನೋ, ನಾವೋ?"